ಗದ್ದುಗೆ ಮುಟ್ಟಿಸಿದ ಮಾಸ್ತರರು

ಮಾಸ್ತರರ ಕುತ್ತಿಗೆಯ ಬಲಕ್ಕೆ ನೆಲ್ಲಿಕಾಯಿ ಗಾತ್ರದ ಗಂಟೊಂದಿತ್ತು. ಸಿಟ್ಟು ಬಂದರೆ ಅದು ಕೆಂಪಗಾಗುತ್ತಿತ್ತು. ಪಕ್ಷದ ಸಭೆಗಳಲ್ಲಿ ಕಾರ್ಯಕರ್ತರು ಅವರ ಮುಖ ನೋಡುತ್ತಿರಲಿಲ್ಲ. ಗಂಟು ನೋಡಿ ಮಾತು ಮುಂದುವರಿಸುತ್ತಿದ್ದರು, ಇಲ್ಲವೇ ತೆಪ್ಪಗೆ ಕೂತುಬಿಡುತ್ತಿದ್ದರು.

ಮನಗೂಳಿಯಲ್ಲಿ ಶಾಲೆಯಿಂದ ನಿವೃತ್ತರಾಗಿ ಪಕ್ಷದ ಹಿರಿಯರೆನಿಸಿಕೊಂಡಿದ್ದ ಅವರೇ ನನ್ನನ್ನು ಮನುಷ್ಯಳನ್ನಾಗಿ ಮಾಡಿದವರು. ತೊಂಬತ್ತರ ದಶಕದಲ್ಲಿ ಗ್ರಾಮ ಪಂಚಾಯಿತಿ ಸದಸ್ಯೆಯಾದ ಹೊಸದರಲ್ಲಿ, ಕಾರ್ಯದರ್ಶಿ ನಿರ್ಣಯಗಳ ಪುಸ್ತಕ ಚಾಚಿದಲ್ಲೆಲ್ಲ ಸಹಿ ಹಾಕಿ ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸಿದರು.

"ತಂಗಿ, ಇವತ್ತ ಯಾವ ಠರಾವಿಗೆ ಸಹಿ ಮಾಡಿದಿ?"

ನನಗೆ ಗೊತ್ತಿರಲಿಲ್ಲ.

"ಮದಲ ಓದು. ತಿಳೀಲಿಲ್ಲಂದ್ರ ಎದ್ದು ನಿಂತು ಕೇಳು. ನಗೋರು ನಗಲಿ."

ಮುಂದಿನ ಸಭೆಯಲ್ಲಿ ಎದ್ದು ನಿಂತೆ. ಠರಾವು ಓದಿ ಹೇಳಿ ಎಂದೆ, ನಗುವವರು ನಕ್ಕರು. ಎರಡು ವರ್ಷ ಕಳೆಯುವುದರಲ್ಲಿ ಕಾರ್ಯದರ್ಶಿಯೇ ನನ್ನನ್ನು ಕಂಡರೆ ನಡುಗುವಂತಾಯಿತು.

ಜಿಲ್ಲಾ ಪಂಚಾಯಿತಿಯ ನಮ್ಮ ಕ್ಷೇತ್ರ ಹೆಂಗಸರಿಗೆ ಮೀಸಲಾದಾಗ ಪಕ್ಷದ ಟಿಕೆಟ್ಟಿಗೆ ಐವರು ಹೆಂಗಸರು ಅರ್ಜಿ ಹಾಕಿದೆವು. ಹೆಂಗಸರೆನ್ನುವುದು ಹೆಸರಿಗೆ. ನನ್ನೊಬ್ಬಳನ್ನು ಬಿಟ್ಟರೆ ಓಡಾಡುತ್ತಿದ್ದವರು ಉಳಿದ ನಾಲ್ವರ ಗಂಡಂದಿರು. ಈ ಜಗಳದಲ್ಲಿ ಪಕ್ಷ ಒಡೆಯುತ್ತದೆಂದು ಹೆದರಿದ ಮಾಸ್ತರರು ಎಲ್ಲರನ್ನೂ ಮಠಕ್ಕೆ ಕರೆಸಿದರು. ಕಾರ್ಯಕರ್ತರು ಚೀಟಿಯಲ್ಲಿ ತಮಗೆ ಬೇಕಾದವರ ಹೆಸರು ಬರೆಯಬೇಕು, ಅದು ಜಿಲ್ಲೆಯ ಮುಖಂಡರಿಗೆ ಹೋಗಬೇಕು. ಟಿಕೆಟ್ ಯಾರಿಗೇ ಬರಲಿ, ಉಳಿದವರು ಎದುರು ನಿಲ್ಲುವುದಿಲ್ಲವೆಂದು ಮಠದ ಹಿರಿಯ ಸ್ವಾಮಿಗಳ ಸಮಾಧಿ ಗದ್ದುಗೆ ಮುಟ್ಟಿ ಆಣೆ ಮಾಡಬೇಕು.

ನಾಲ್ವರು ಗಂಡಂದಿರು ಸಾಲಾಗಿ ಬಂದು ಮುಟ್ಟಿದರು.

"ಅರ್ಜಿ ಹಾಕಿದ ಹೆಣ್ಮಕ್ಕಳು ಎಲ್ಲದಾರ್ರಿ ಸರ?" ಎಂದು ಕೇಳಿದೆ.

"ಅವರ ಪರವಾಗಿ ಇವರು ಮಾಡಿದ್ರಲ್ಲ, ನಡೀತೈತಿ ಬಿಡು" ಎಂದರು.

ನನ್ನ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ನನ್ನ ಪರವಾಗಿ ಮುಟ್ಟಲು ಯಾರೂ ಇರಲಿಲ್ಲ. ನಾನೇ ಮುಟ್ಟಿದೆ.

ಚೀಟಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ನನ್ನ ಹೆಸರಿಗಿದ್ದವು. ಆದರೆ ಜಿಲ್ಲೆಯಿಂದ ಟಿಕೆಟ್ ಬಂದದ್ದು ಆ ನಾಲ್ವರಲ್ಲೊಬ್ಬನಾದ ಗುತ್ತಿಗೆದಾರನ ಹೆಂಡತಿಗೆ. ಎರಡೇ ದಿನದಲ್ಲಿ ಉಳಿದ ಮೂವರ ಹೆಂಡಿರೂ ಪಕ್ಷೇತರರಾಗಿ ನಾಮಪತ್ರ ಹಾಕಿದರು. ಮಾಸ್ತರರು ಕರೆಸಿ ಕೇಳಿದರೆ ಒಬ್ಬ ಹಲ್ಲು ಕಿಸಿದನಂತೆ: "ಆಣಿ ಮಾಡಿದಾಂವ ನಾ ರೀ ಸರ. ನಾ ಎಲ್ಲಿ ನಿಂತೇನಿ? ನಿಂತಾಕಿ ನಮ್ಮಾಕಿ."

ಕೊನೆಯ ದಿನ ಬೆಳಿಗ್ಗೆ ಜನ ನನ್ನ ಮನೆ ಮುಂದೆ ಜೀಪು ತಂದು ನಿಲ್ಲಿಸಿದರು, ನೀನೂ ನಾಮಪತ್ರ ಹಾಕು ಎಂದು. ನಾನು ಮೊದಲು ಮಾಸ್ತರರ ಮನೆಗೆ ಹೋದೆ.

"ಎಲ್ಲಾರೂ ಆಣಿ ಮುರದಾರ್ರಿ ಸರ. ನಾನೂ ನಿಲ್ತೇನಿ."

"ನೀ ಸ್ವತಃ ಮುಟ್ಟಿದಿ, ತಂಗಿ."

"ಅದ ತಪ್ಪಾತೇನ್ರಿ ನಂದು?"

ಅವರ ಕುತ್ತಿಗೆಯ ಗಂಟು ಕೆಂಪಾಗಿರಲಿಲ್ಲ, ಮುಖವೇ ಬಿಳಿಚಿಕೊಂಡಿತ್ತು. "ನಿನ್ನ ಮಾತರ ಉಳೀಲಿ" ಎಂದರು.

ಜೀಪು ವಾಪಸ್ ಕಳಿಸಿದೆ. ಮಧ್ಯಾಹ್ನ ಮೂರಕ್ಕೆ ಗಡುವು ಮುಗಿಯುವವರೆಗೆ ಗಡಿಯಾರ ನೋಡುತ್ತ ಕೂತೆ. ಗುತ್ತಿಗೆದಾರನ ಹೆಂಡತಿ ಗೆದ್ದಳು. ಐದು ವರ್ಷದಲ್ಲಿ ಆಕೆ ನಮ್ಮೂರಿಗೆ ಬಂದ ನೆನಪಿಲ್ಲ, ಬರುತ್ತಿದ್ದವನು ಗಂಡ. ಮುಂದಿನ ಸಲ ಮೀಸಲಾತಿ ಬದಲಾಯಿತು, ನನ್ನನ್ನು ಯಾರೂ ಕೇಳಲೂ ಇಲ್ಲ. ಹೊಟ್ಟೆ ಉರಿದಾಗಲೆಲ್ಲ, ಮಾಸ್ತರರು ಹೇಳಿದ್ದು ಸರಿ, ನನ್ನ ಮಾತು ಉಳಿಯಿತು ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಅಷ್ಟು ವರ್ಷ ನಾನು ಆ ಒಂದು ನಂಬಿಕೆಯ ಮೇಲೆಯೇ ತಲೆಯೆತ್ತಿ ಓಡಾಡಿದ್ದು.

ಅವರು ಹಾಸಿಗೆ ಹಿಡಿದಾಗ ನೋಡಲು ಹೋದೆ. ಹತ್ತಿರ ಕೂಡಿಸಿಕೊಂಡು, ತಡೆದು ತಡೆದು ಹೇಳಿದರು:

"ಆವತ್ತ ಆ ಗಂಡಸರನ್ನ ಹೊರಗ ಕಳಿಸಿ, ಹೆಣ್ಮಕ್ಕಳನ್ನ ಕರಸಬೇಕಿತ್ತು. ಕರಸಲಿಲ್ಲ. ಕಡೀಕ ನಿನ್ನೊಬ್ಬಾಕಿನ್ನ ಕಟ್ಟಿ ಹಾಕಿದೆ. ನೀನೂ ನಿಲ್ಲು ಅಂತ ಹೇಳಬೇಕಿತ್ತು. ತಪ್ಪಾತು, ತಂಗಿ."

ಹಾಗೇನಿಲ್ಲ ಬಿಡಿ ಎನ್ನಬೇಕಿತ್ತು. ಹಾಸಿಗೆ ಹಿಡಿದವರ ಮುಂದೆ ಯಾರಾದರೂ ಹಾಗೇ ಅನ್ನುತ್ತಾರೆ. ನನ್ನ ಬಾಯಿಂದ ಬಂದದ್ದು ಬೇರೆ.

"ಈಗ್ಯಾಕ ಹೇಳಿದ್ರಿ ಸರ? ಸರಿ ಅಂತನ ತಿಳಕೊಂಡು ಸಾಯ್ತಿದ್ದೆ."

ಅವರು ಗೋಡೆಯ ಕಡೆ ಹೊರಳಿದರು. ಮೂರನೆಯ ದಿನ ತೀರಿಕೊಂಡರು. ನನಗೆ ಎದ್ದು ನಿಂತು ಮಾತಾಡಲು ಕಲಿಸಿದವರಿಗೆ ನಾನಾಡಿದ ಕೊನೆಯ ಮಾತು ಅದಾಯಿತಲ್ಲ ಎಂದು ಇಂದಿಗೂ ಸಂಕಟವಾಗುತ್ತದೆ.