ಔಟಾದವನ ಕೂಗು

ಫ್ರಿಜ್ ರಿಪೇರಿಯವನಿಗೆ ವಾರದ ಆರು ದಿನ ಕಂಡವರ ಅಡುಗೆಮನೆ, ಭಾನುವಾರ ಯುದ್ಧ. ಯುದ್ಧವೆಂದರೆ ಏರ್‌ಸಾಫ್ಟ್ ಆಟ: ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಬಂದೂಕು, ಕಣ್ಣಿಗೆ ದಪ್ಪ ಕನ್ನಡಕ, ಐದೈದು ಜನರ ಎರಡು ತಂಡ, ಮುಚ್ಚಿಹೋದ ಬಿಸ್ಕತ್ತು ಕಾರ್ಖಾನೆಯ ಕೋಣೆಗಳು. ಗುಂಡು ತಗುಲಿದರೆ ಗುರುತು ಉಳಿಯುವುದಿಲ್ಲ. ತಗುಲಿಸಿಕೊಂಡವನೇ ಕೈಯೆತ್ತಿ "ಔಟ್" ಎನ್ನಬೇಕು, ತಲೆಗೆ ಕೆಂಪು ಬಟ್ಟೆ ಕಟ್ಟಿಕೊಂಡು ಗೋಡೆಗೆ ಒರಗಿ ಕೂರಬೇಕು, ಆಮೇಲೆ ತುಟಿ ಪಿಟಕ್ಕೆನ್ನಬಾರದು. ಔಟಾದವನು ಸುಳಿವು ಕೊಟ್ಟರೆ ತಂಡವೇ ಸೋತಂತೆ. ಆ ನಿಯಮವನ್ನು ದೊಡ್ಡ ಅಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದವನೂ ಅವನೇ.

ಮೂರು ವರ್ಷ ಕಷ್ಟಪಟ್ಟು ತಂಡ ಕಟ್ಟಿದ್ದ. ಮನೆಯ ತಾರಸಿಯ ಮೇಲೆ ಸೀಮೆಸುಣ್ಣದಲ್ಲಿ ಕೋಣೆ, ಬಾಗಿಲು ಬರೆದು, ದರ್ಜಿ, ಕೊರಿಯರ್‌ನವನು, ನರ್ಸಮ್ಮ ಮೂವರಿಗೂ ಒಳನುಗ್ಗುವುದನ್ನು ನೂರು ಸಲ ಮಾಡಿಸಿದ್ದ. "ನಿನ್ನ ಮೂಲೆ ನೀನು ನೋಡು, ಪಕ್ಕದವನ ಮುಖ ನೋಡಬೇಡ" ಎಂಬುದು ಅವನ ಜಪ.

"ಐದನೆಯವರು ಸಿಗ್ತಿಲ್ಲ ಅಂತೀರಲ್ಲ, ನನ್ನ ತಮ್ಮನ್ನ ಸೇರಿಸ್ಕೊಳ್ಳಿ" ಎಂದಳು ಹೆಂಡತಿ. ತಮ್ಮ ಬಸ್ ಕಂಡಕ್ಟರ್. ಬಂದ ಮೂರನೆಯ ವಾರಕ್ಕೇ, ದರ್ಜಿ ಬಾಗಿಲಲ್ಲಿ ತಡವರಿಸುವುದು ಹೆದರಿಕೆಗೆಂದು ಅವನಿಗೆ ಹೊಳೆಯಿತು. "ದರ್ಜಿಯಣ್ಣ, ಫುಟ್‌ಬೋರ್ಡ್ ಮೇಲೆ ನಿಲ್ಲಬೇಡಿ, ಒಳಗೆ ಸೀಟು ಖಾಲಿ ಇದೆ!" ಎಂದ. ದರ್ಜಿ ನಗುತ್ತಲೇ ನುಗ್ಗಿಬಿಟ್ಟ. ತಾನು ಗದರಿ ಮಾಡಿಸಲಾಗದ್ದನ್ನು ನಿನ್ನೆ ಮೊನ್ನೆ ಬಂದವನು ನಗಿಸಿ ಮಾಡಿಸಿದನಲ್ಲ! ಫ್ರಿಜ್ ರಿಪೇರಿಯವನ ಹೊಟ್ಟೆಗೆ ಮೆಣಸಿನಕಾಯಿ ಅರೆದು ಬಳಿದ ಹಾಗಾಯಿತು. ನಾಲ್ಕು ತಿಂಗಳಾಗುವಷ್ಟರಲ್ಲಿ, ಆಟದಲ್ಲಿ ಏನೇ ಅನುಮಾನ ಬಂದರೂ ಎಲ್ಲರೂ ತಿರುಗುತ್ತಿದ್ದುದು ಕಂಡಕ್ಟರನ ಕಡೆಗೆ.

ಕೊನೆಗೆ ನರ್ಸಮ್ಮ ಬಾಯಿಬಿಟ್ಟು ಹೇಳಿದಳು: "ಬೇಜಾರು ಮಾಡ್ಕೋಬೇಡಿ. ಈ ಭಾನುವಾರದ ಪಂದ್ಯ ಆದ್ಮೇಲೆ, ನಾಯಕ ಯಾರಾಗ್ಬೇಕು ಅಂತ ಕೂತು ಮಾತಾಡೋಣ."

ಭಾನುವಾರ ಪಂದ್ಯ ಶುರುವಾದರೂ ಅವನ ಕಣ್ಣು ಕಂಡಕ್ಟರನ ಬೆನ್ನಿನ ಮೇಲೇ. ಇವನೇನು ಸನ್ನೆ ಮಾಡುತ್ತಾನೆ? ಯಾರು ಇವನ ಮಾತು ಕೇಳುತ್ತಾರೆ? ಅಷ್ಟರಲ್ಲಿ ತಾನೇ ನೋಡಬೇಕಾಗಿದ್ದ ಮೂಲೆಯಿಂದ ಗುಂಡು ಬಂದು ಪಕ್ಕೆಗೆ ತಗುಲಿತು. ಕೈಯೆತ್ತಿ, ಕೆಂಪು ಬಟ್ಟೆ ಕಟ್ಟಿಕೊಂಡು ಗೋಡೆ ಸೇರಿದ. ನಾಯಕತ್ವ ತಾನಾಗಿಯೇ ಕಂಡಕ್ಟರನ ಕೈಗೆ ಹೋಯಿತು.

ಆಟ ಬಿಗಿಯಾಯಿತು. ಇತ್ತ ಕಂಡಕ್ಟರ್, ದರ್ಜಿ ಇಬ್ಬರೇ ಉಳಿದರು, ಅತ್ತ ಒಬ್ಬನೇ. ಆ ಒಬ್ಬ ಹಿಂದಿನ ಕಿಟಕಿ ಹತ್ತಿ ಒಳಗೆ ಇಳಿಯುತ್ತಿದ್ದ. ಕಂಡಕ್ಟರ್ ಆಗಲೇ ದರ್ಜಿಗೆ ಎರಡು ಬೆರಳಿನ ಸನ್ನೆ ಮಾಡಿಯಾಗಿತ್ತು. ದರ್ಜಿಯ ಬಂದೂಕು ಕಿಟಕಿಯ ಕಡೆಗೆ ತಿರುಗುತ್ತಿತ್ತು, ಈ ಸಲ ತಡವರಿಕೆಯೇ ಇರಲಿಲ್ಲ. ಇನ್ನೇನು ಗೆದ್ದೇಬಿಟ್ಟರು.

"ಹಿಂದೆ ನೋಡ್ರೋ!" ಎಂದು ಕೂಗಿದ ಫ್ರಿಜ್ ರಿಪೇರಿಯವನು.

ತೀರ್ಪುಗಾರನ ಸೀಟಿ ಮೊಳಗಿತು. ಔಟಾದವನು ಮಾತಾಡಿದ್ದ, ತಂಡ ಸೋತಿತ್ತು.

"ನೀವೇ ಬರೆದ ನಿಯಮ ಅಲ್ವೇನ್ರಿ?" ದರ್ಜಿ ಕನ್ನಡಕ ಕಿತ್ತು ಎಸೆದ.

"ಬಿಡಿ ದರ್ಜಿಯಣ್ಣ" ಎಂದ ಕಂಡಕ್ಟರ್. "ಭಾವಂಗೆ ಜೀವ ತಡೀಲಿಲ್ಲ. ನಮ್ಮ ಮೇಲಿನ ಅಕ್ಕರೆಗೆ ಕೂಗಿದ್ರು."

ಅದನ್ನೇ ಒಪ್ಪಿಕೊಂಡು ತಲೆತಗ್ಗಿಸಿದ್ದರೆ ಮುಗಿಯುತ್ತಿತ್ತು. ಆದರೆ ಇವನಿಂದ ಮರ್ಯಾದೆ ಉಳಿಸಿಕೊಳ್ಳುವುದೇ?

"ಅಕ್ಕರೆನೂ ಇಲ್ಲ, ಮಣ್ಣೂ ಇಲ್ಲ. ದರ್ಜಿ ತಿರುಗಿದ್ದು ನಂಗೆ ಕಂಡಿತ್ತು. ನೀನು ಗೆದ್ದುಬಿಡ್ತೀಯಲ್ಲ ಅಂತ ಕೂಗಿದೆ."

ಕೊರಿಯರ್‌ನವನು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದ. ನರ್ಸಮ್ಮ, "ಹಾಗಾದ್ರೆ ಕೂತು ಮಾತಾಡೋಕೆ ಏನೂ ಉಳಿದಿಲ್ಲ" ಎಂದಳು.

ಕಂಡಕ್ಟರ್ ಪಕ್ಕಕ್ಕೆ ಬಂದು ಕೂತ. "ಗೊತ್ತಿತ್ತು ಭಾವ. ಆಟದ ದಿನ ನಾನು ನೋಡ್ಕೋತೀನಿ. ಆದ್ರೆ ಕಲಿಸೋಕೆ ನೀವೇ ಬೇಕು, ನಂಗೆ ಬರಲ್ಲ. ಬುಧವಾರ ಎಷ್ಟು ಗಂಟೆಗೆ ತಾರಸಿಗೆ ಬರ್ಲಿ?"

"ಆರಕ್ಕೆ" ಎಂದ ಫ್ರಿಜ್ ರಿಪೇರಿಯವನು. ಇಷ್ಟಾದರೂ ಇವನಿಗೆ ಸಿಟ್ಟು ಬರಲಿಲ್ಲವಲ್ಲ ಎಂದು ಅವನ ಹೊಟ್ಟೆ ಮತ್ತೆ ಉರಿಯಿತು.