ಹೊಳಲ್ಕೆರೆ ದಾರಿಯಲ್ಲಿ ಕೇಳಿದ ಅಳು

ದೆವ್ವ, ಶಕುನ, ಕನಸಿನಲ್ಲಿ ಬಂದು ಹೇಳಿಹೋಗುವ ಹಿರಿಯರು, ಇಂಥ ಯಾವುದನ್ನೂ ನಾನು ನಂಬಿದವಳಲ್ಲ. ನರ್ಸ್ ಕೆಲಸದಲ್ಲಿ ಹುಟ್ಟು ಸಾವು ಎರಡನ್ನೂ ಹತ್ತಿರದಿಂದ ಕಂಡವಳಿಗೆ ಅದಕ್ಕೆಲ್ಲ ಪುರುಸೊತ್ತೂ ಇರಲಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಎಪ್ಪತ್ತರ ದಶಕದ ಒಂದು ಮಧ್ಯಾಹ್ನ ನನ್ನ ಕಿವಿಯಾರೆ ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ?

ಆಗ ನಾನು ಚಿತ್ರದುರ್ಗದಲ್ಲಿ ಒಬ್ಬ ಮಕ್ಕಳ ಡಾಕ್ಟರ ಬಳಿ ಕೆಲಸಕ್ಕಿದ್ದೆ. ಹೆಸರು ಬೇಡ; ತಮ್ಮ ಬಗ್ಗೆ ಯಾರಾದರೂ ಬರೆಯುವುದು ಅವರಿಗೆ ಹಿಡಿಸುತ್ತಿರಲಿಲ್ಲ. ವಾರವೆಲ್ಲ ದುರ್ಗದ ದವಾಖಾನೆ, ಭಾನುವಾರ ಹಳ್ಳಿ. ಒಮ್ಮೆ ಐಮಂಗಲದ ಕಡೆ, ಇನ್ನೊಮ್ಮೆ ಹೊಸದುರ್ಗದ ಕಡೆ. ಗುಡಿಯ ಜಗಲಿಯೋ ಶಾಲೆಯ ವರಾಂಡವೋ ಸಿಕ್ಕರೆ ಸಾಕು, ಅಲ್ಲೇ ಕೂತು ಮಕ್ಕಳಿಗೆ ಲಸಿಕೆ ಹಾಕುತ್ತಿದ್ದರು. ಮಗುವಿನ ಎದೆಗೆ ಸ್ಟೆತಾಸ್ಕೋಪ್ ಇಡುವ ಮೊದಲು ಅದರ ಬಿಲ್ಲೆಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡುತ್ತಿದ್ದರು. ಕೈಕಾಲು ನಡೆಯುವವರೆಗೂ ಅವರು ಬದುಕಿದ್ದು ಹೀಗೆಯೇ.

ಆ ಭಾನುವಾರ ಹಾಲುರಾಮೇಶ್ವರದಲ್ಲಿ ಕೆಲಸ ಮುಗಿಸಿ, ಹೊಸದುರ್ಗದಲ್ಲಿ ಊಟ ಮಾಡಿ, ಹೊಳಲ್ಕೆರೆ ದಾರಿ ಹಿಡಿದಿದ್ದೆವು. ಸುಡುಬಿಸಿಲು. ಹಳೆಯ ಜೀಪಿನ ಸದ್ದಿಗೆ ಪಕ್ಕದವರ ಮಾತೂ ಕೇಳುತ್ತಿರಲಿಲ್ಲ. ಇದ್ದಕ್ಕಿದ್ದಂತೆ ಡಾಕ್ಟರು ಡ್ರೈವರ್ ಬಸಣ್ಣನ ಹೆಗಲು ಹಿಡಿದರು.

"ನಿಲ್ಸಪ್ಪ. ಮಗು ಅಳ್ತಾ ಐತೆ."

ಬಸಣ್ಣ ಎಂಜಿನ್ ಆರಿಸಿದ. ಕಿವಿಗೊಟ್ಟು ಕೇಳಿ, "ಏನೂ ಇಲ್ರಿ ಸಾಹೇಬ್ರೆ, ಗಾಳಿ ಅಷ್ಟೇ," ಎಂದ.

ನನಗೆ ಕೇಳಿಸಿತು. ಎಳೆ ಮಗುವಿನ ಅಳು. ಉಸಿರು ಕಟ್ಟಿಕೊಂಡು, ಸ್ವಲ್ಪ ತಡೆದು, ಮತ್ತೆ ಬಿಕ್ಕುವ ಅಳು. ತೆಂಗಿನ ತೋಟದ ಆಚೆಯಿಂದ ಬರುತ್ತಿತ್ತು. ಡಾಕ್ಟರು ಆಗಲೇ ಔಷಧಿ ಪೆಟ್ಟಿಗೆ ಹಿಡಿದು ಇಳಿದಿದ್ದರು.

ತೋಟ ದಾಟಿ, ಒಣ ಹೊಲ ದಾಟಿ ಬಹಳ ದೂರ ನಡೆದೆವು. ಹತ್ತಿರವಾದಂತೆ ಅಳು ಜೋರಾಗಲಿಲ್ಲ, ಕಡಿಮೆಯೂ ಆಗಲಿಲ್ಲ. ಕೊನೆಗೆ ಕುರಿ ಕಾಯುವವರ ಒಂದು ಗುಡಿಸಲು ಕಂಡಿತು. ಅದರ ಬಾಗಿಲಿಗೆ ಬಂದದ್ದೇ, ಅಳು ನಿಂತುಹೋಯಿತು.

ಒಳಗೆ ಒಬ್ಬ ಹೆಂಗಸು ತೊಡೆಯ ಮೇಲೆ ಪುಟ್ಟ ಹೆಣ್ಣುಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಮಗುವಿನ ಕತ್ತು ಊದಿತ್ತು, ತುಟಿ ನೀಲಿಯಾಗಿತ್ತು, ಉಸಿರೆಳೆದಾಗಲೆಲ್ಲ ಎದೆಗೂಡು ಒಳಕ್ಕೆ ಹೋಗುತ್ತಿತ್ತು. ಗಂಟಲಮಾರಿ. ಗಂಟಲಲ್ಲಿ ಪೊರೆ ಕಟ್ಟಿ ಉಸಿರಿನ ದಾರಿಯನ್ನೇ ಮುಚ್ಚುವ ರೋಗ. ಅಪ್ಪ ಗಾಡಿ ತರಲು ಊರಿಗೆ ಹೋಗಿದ್ದನಂತೆ.

"ಎಷ್ಟೊತ್ತಿಂದ ಹಿಂಗೆ ಅಳ್ತಾ ಐತಮ್ಮ?" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದಳು. "ಅಳಾದೆಲ್ಲಿ ಬಂತಕ್ಕಾ? ನಿನ್ನೆಯಿಂದ ದನಿನೇ ಬಿದ್ದೋಗೈತೆ. ಬಾಯಿ ತೆಗೀತಾಳೆ, ಸದ್ದೇ ಬರಲ್ಲ. ಒಂದ್ಸಲ ಅತ್ತಿದ್ರೆ ನನ್ ಜೀವಕ್ಕೆ ಸಮಾಧಾನ ಆಗ್ತಿತ್ತು."

"ಬೇರೆ ಮಗು ಐತೇನಮ್ಮ?" ಡಾಕ್ಟರು ಕೇಳಿದರು.

"ಇದೊಂದೇ ರೀ. ಸುತ್ತಮುತ್ತ ಯಾರೂ ಇಲ್ಲ."

ಅದು ಯೋಚಿಸುತ್ತ ನಿಲ್ಲುವ ಹೊತ್ತಾಗಿರಲಿಲ್ಲ. ಕಂಬಳಿಯ ಮೇಲೆ ಮಲಗಿಸಿ ನಾನು ತಲೆ ಹಿಡಿದೆ. ಡಾಕ್ಟರು ಕತ್ತಿನಲ್ಲಿ ಸಣ್ಣದಾಗಿ ಕೊಯ್ದು, ಉಸಿರಿಗೆ ಕೊಳವೆ ಕೂಡಿಸಿದರು. ತಾಯಿ ಕೂಗಲಿಲ್ಲ, ನನ್ನ ಬೆನ್ನಿಗೆ ಹಣೆ ಒತ್ತಿ ಕೂತಿದ್ದಳು. ನೀಲಿ ತುಟಿಗೆ ನಿಧಾನವಾಗಿ ಬಣ್ಣ ಬಂತು. ದಾರಿಯಲ್ಲಿ ಗಾಡಿಯೊಂದಿಗೆ ಎದುರಾದ ಅಪ್ಪನನ್ನೂ ಜೀಪಿಗೆ ಹತ್ತಿಸಿಕೊಂಡು ದುರ್ಗಕ್ಕೆ ಬಂದೆವು. ಮಗು ಬದುಕಿತು.

ಕೊಳವೆ ತೆಗೆದು ಗಾಯ ಮಾಗಿದ ಮೇಲೆ ಒಂದು ಬೆಳಗ್ಗೆ ಅದು ಮೊದಲ ಸಲ ದನಿ ತೆಗೆದು ಅತ್ತಿತು. ನಾನು ಪಕ್ಕದ ಕೋಣೆಯಲ್ಲಿ ಸಿರಿಂಜ್ ಕುದಿಸುತ್ತಿದ್ದೆ. ಕೈ ಹಾಗೇ ನಿಂತಿತು. ಅದೇ ಅಳು. ಉಸಿರು ಕಟ್ಟಿಕೊಂಡು, ಸ್ವಲ್ಪ ತಡೆದು, ಮತ್ತೆ ಬಿಕ್ಕುವುದೂ ಅದೇ. ಹೊರಗೆ ಬಂದರೆ ಡಾಕ್ಟರು ವಾರ್ಡಿನ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿದ್ದ ಕನ್ನಡಕ ಹಾಕಿಕೊಳ್ಳುವುದನ್ನೇ ಮರೆತಿದ್ದರು.

ವರ್ಷಗಳ ನಂತರ, ಅವರು ಹಾಸಿಗೆ ಹಿಡಿದಿದ್ದಾಗ, ಧೈರ್ಯ ಮಾಡಿ ಕೇಳಿದೆ: "ಅವತ್ತು ನಾವು ಕೇಳಿದ್ದು ಏನು ಸಾರ್?"

ಅವರು ನನ್ನ ಕಡೆ ತಿರುಗಿದರು. "ಗೊತ್ತಿಲ್ಲ ಸಿಸ್ಟರ್. ನಂಗೆ ಅದರ ಯೋಚನೆ ಇಲ್ಲ. ಕೇಳಿಸದೇ ಹೋದವು ಎಷ್ಟಿದ್ವೋ, ಅದೇ ಯೋಚನೆ."

ಅವರು ಈಗಿಲ್ಲ. ಕುರಿಮರಿಯ ದನಿಯಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ನೋಡಿದ್ದೇನೆ. ಆದರೆ ಅಂದು ಮಂದೆ ಅಲ್ಲಿರಲಿಲ್ಲ. ಭ್ರಮೆ ಎನ್ನೋಣವೆಂದರೆ, ಇಬ್ಬರಿಗೂ ಒಂದೇ ಭ್ರಮೆ ಹೇಗೆ ಬಂತು? ನನಗೆ ತಿಳಿದಿಲ್ಲ. ಕೇಳಿಸಿದ್ದು ನಿಜ, ಅಷ್ಟು ಮಾತ್ರ ಬಲ್ಲೆ.