ಬೇಡಕಿಹಾಳದ ತಗ್ಗು ಸೀಟಿನ ಗಾಡಿ

ತೊಂಬತ್ತರ ದಶಕದ ಶುರುವಿನಲ್ಲಿ ನಾನು ಚಿಕ್ಕೋಡಿಯ ಹೈಸ್ಕೂಲಿನಲ್ಲಿ ಹೊಸ ಮಾಸ್ತರ. ಪಗಾರ ಕೈಗೆ ಬರತೊಡಗಿದ ಕೂಡಲೇ ನನಗೆ ಹುಟ್ಟಿದ ಆಸೆ ಮದುವೆಯದಲ್ಲ, ಮೋಟಾರ್ ಸೈಕಲ್ಲಿನದು. ಅದೂ ಎಲ್ಲರ ಹತ್ತಿರ ಇರುವಂಥದ್ದಲ್ಲ. ಸೀಟು ತಗ್ಗಾಗಿ, ಹ್ಯಾಂಡಲ್ ಎತ್ತರವಾಗಿ, ಆರಾಮ ಕುರ್ಚಿಯಲ್ಲಿ ಕೂತಂತೆ ಕಾಲು ಚಾಚಿ ಓಡಿಸುವ ಗಾಡಿ. ಬೇಡಕಿಹಾಳದ ತಂಬಾಕಿನ ವ್ಯಾಪಾರಿಯೊಬ್ಬರು ಅಂಥದೊಂದನ್ನು ಕೊಲ್ಹಾಪುರದ ಗ್ಯಾರೇಜಿನಲ್ಲಿ ಮಾಡಿಸಿಟ್ಟಿದ್ದಾರೆ, ಈಗ ಮಾರುತ್ತಾರಂತೆ ಎಂಬ ಸುದ್ದಿ ನಮ್ಮ ಸ್ಟಾಫ್ ರೂಮಿಗೆ ಬಂತು.

ಒಬ್ಬನೇ ಹೋದರೆ ಮೋಸ ಹೋಗುತ್ತಿ ಎಂದು ದಿಗ್ಗೇವಾಡಿಯಿಂದ ಅಪ್ಪನ ತಮ್ಮ, ನಮ್ಮ ಕಾಕಾ ಬಂದರು. ಕಬ್ಬು ಬೆಳೆಯುವ ಕಾಕಾಗೆ ಮೋಟಾರ್ ಸೈಕಲ್ ನಡೆಸಲು ಬರುತ್ತಿರಲಿಲ್ಲ. ಆದರೆ ಚೌಕಾಶಿಯಲ್ಲಿ ತಮ್ಮನ್ನು ಮೀರಿಸುವವರು ರಾಯಬಾಗ ತಾಲೂಕಿನಲ್ಲೇ ಇಲ್ಲ ಎಂದು ಅವರೇ ಹೇಳಿಕೊಳ್ಳುತ್ತಿದ್ದರು.

ವ್ಯಾಪಾರಿಯ ಪಡಸಾಲೆಯಲ್ಲಿ ಗಾಡಿ ಚಾದರ ಹೊದ್ದು ನಿಂತಿತ್ತು. ಚಾದರ ಸರಿಸಿ, ಧೋತರದ ಚುಂಗಿನಿಂದ ಟ್ಯಾಂಕು ಒರೆಸಿ, ಅವರು ನಮ್ಮ ಮುಖ ನೋಡಿದರು. ನಾನು ಹತ್ತಿ ಕೂರಲು ಹೋದರೆ, ಮೊದಲು ಚಾ ಆಗಲಿ ಎಂದರು. ಕಾಕಾ ಸುತ್ತು ಹಾಕಿ, ಟಾಯರಿಗೆ ಒದ್ದು, ಹಾರ್ನಿನ ದನಿ ಸರಿಯಿಲ್ಲವೆಂದು ಅರ್ಧ ರೇಟಿಗೆ ಕೇಳಿದರು. ಬೈಸಿಕೊಳ್ಳುತ್ತೇವೆ ಎಂದುಕೊಂಡೆ. ವ್ಯಾಪಾರಿಯ ಮುಖ ಅರಳಿತು. ಚಾ ಆಯಿತು, ಅವಲಕ್ಕಿ ಆಯಿತು, ಕಬ್ಬಿನ ಮಾತು, ತಂಬಾಕಿನ ಮಾತು ಆಯಿತು. ಹೊತ್ತು ಮುಳುಗುವುದರೊಳಗೆ ಉಣ್ಣುವ ಜೈನರ ಮನೆ. ನಮ್ಮನ್ನೂ ಉಣ್ಣಿಸಿ, ಉಳಿದ ಮಾತು ಮುಂದಿನ ಐತವಾರ ಎಂದು ಕಳಿಸಿದರು.

ಹೀಗೇ ಐತವಾರಗಳು ಹೋದವು. ಕಾಕಾ ಒಂದಿಷ್ಟು ಏರಿದರೆ ವ್ಯಾಪಾರಿಯೂ ಏರುತ್ತಿದ್ದರು. ಒಂದು ದಿನ ಬೇಸತ್ತು, ನೀವು ಹೇಳಿದ ರೇಟಿಗೇ ತಗೊಳ್ಳುತ್ತೇನೆ ಎಂದುಬಿಟ್ಟೆ. ಬಸದಿಯಲ್ಲಿ ಯಾರೋ ಬೈಗುಳ ಆಡಿದಂತೆ ಇಬ್ಬರೂ ನನ್ನತ್ತ ನೋಡಿದರು.

“ಗಾಡಿ ಎಲ್ಲಿ ನಿಲ್ಲಸ್ತೀರಿ ಮಾಸ್ತರ್ರ?” ವ್ಯಾಪಾರಿ ಕೇಳಿದರು.

ಬಾಡಿಗೆ ಖೋಲಿಯ ಮುಂದೆ ಬೇವಿನ ಗಿಡದ ಕೆಳಗೆ ಎಂದೆ. ಬೇವಿನ ಗಿಡದಲ್ಲಿ ಕಾಗೆಗಳಿರುತ್ತವೆ ಎಂದು ಹೇಳಿ ಅವರು ಚಾದರ ಹೊದಿಸಿದರು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅವರ ಹೆಂಡತಿ ನೀರು ಹಾಕುತ್ತ ಮೆಲ್ಲಗೆ ಹೇಳಿದರು: “ಅದನ್ನ ಮಾರೂದಿಲ್ರಿ ಅವ್ರು. ವ್ಯಾಪಾರ ಮಕ್ಕಳ ಕೈಗೆ ಹೋದ ಮ್ಯಾಲೆ ಮನಿಗೆ ಯಾರೂ ಬರ್ತಿದ್ದಿಲ್ಲ. ಗಾಡಿ ಮಾರಾಕೈತಿ ಅಂದ್ರ ಅಥಣಿ, ಕಾಗವಾಡದಿಂದೂ ಮಂದಿ ಬರ್ತಾರ. ನಾ ಅವಲಕ್ಕಿ ಒಗ್ಗರಣಿ ಹಾಕ್ಕೋಂತ ಕುಂತೀನಿ.”

ಬಸ್ಸಿನಲ್ಲಿ ಇದನ್ನು ಕಾಕಾಗೆ ಹೇಳಿದೆ. ಅವರಿಗೆ ಆಶ್ಚರ್ಯವೇ ಆಗಲಿಲ್ಲ.

“ನನಗ ಎರಡನೇ ಸಲಾನ ಗೊತ್ತಾತು. ಆದ್ರ ಅಂಥಾ ಚೌಕಾಶಿ ಮನಶಾ ನನಗೂ ಎಲ್ಲಿ ಸಿಗಬೇಕು?”

ಮರುವಾರ ಸಹೋದ್ಯೋಗಿಯೊಬ್ಬರ ಹಳೇ ಸ್ಕೂಟರನ್ನು ಒಂದು ಕಪ್ ಚಾ ಮುಗಿಯುವುದರೊಳಗೆ ಕೊಂಡೆ. ಕಾಕಾ ಬಹಳ ನೊಂದರು. ಒಂದು ಮಾತೂ ಹೆಚ್ಚುಕಡಿಮೆ ಆಡದೆ ಗಾಡಿ ತರುವುದೆಂದರೆ ಮನೆತನಕ್ಕೇ ಅವಮಾನವೆಂದು ಚಿಕ್ಕಮ್ಮನ ಮುಂದೆ ಹೇಳಿದರಂತೆ. ಬೇಡಕಿಹಾಳಕ್ಕೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಹುಡುಗ ಬಿಟ್ಟರೂ ನಾನು ಬಿಟ್ಟಿಲ್ಲ ಎಂದು ವ್ಯಾಪಾರಿಗೆ ತಿಳಿಸಿ, ಚೌಕಾಶಿಯನ್ನು ತಮ್ಮ ಹೆಸರಿಗೆ ಮಾಡಿಕೊಂಡರು.

ಆ ಬೇಸಿಗೆಯಲ್ಲಿ ನಿಪ್ಪಾಣಿ ಬಸ್ ಸ್ಟ್ಯಾಂಡಿನ ಹೊರಗೆ ನನ್ನ ಸ್ಕೂಟರ್ ನಿಂತುಬಿಟ್ಟಿತು. ಕಿಕ್ ಹೊಡೆದು ಬೆವತು ತಲೆ ಎತ್ತಿದರೆ, ಆ ತಗ್ಗು ಸೀಟಿನ ಗಾಡಿ ಕೊಗನೊಳ್ಳಿಯ ಕಡೆ ಹೊರಟಿತ್ತು. ಮುಂದೆ ವ್ಯಾಪಾರಿ, ಹಿಂದೆ ಇಸ್ತ್ರಿ ಟೊಪ್ಪಿಗೆಯ ಕಾಕಾ. ನನ್ನನ್ನು ನೋಡಿ ಕಾಕಾ ಕೈ ಎತ್ತಿದರು. ಗಾಡಿ ನಿಲ್ಲಲಿಲ್ಲ.

ಆಮೇಲೆ ಕೇಳಿದ್ದಕ್ಕೆ, ಟ್ರಾಯಲ್ ನೋಡಲು ಹೋಗಿದ್ದೆವು, ರೇಟು ಇನ್ನೂ ಕುದುರಿಲ್ಲ ಎಂದರು.